ಮರದ ಬೊಡ್ಡೆಯೇ ವೇದಿಕೆ

ಕ್ರಿಕೆಟ್ ಬಲ್ಲವರಿಗೆ 'ಸ್ಟಂಪ್' ಎಂದೊಡನೆ ಮೈದಾನದಲ್ಲಿ ನೆಟ್ಟ ಮೂರು ಕೋಲುಗಳು ಕಣ್ಣಿಗೆ ಕಟ್ಟುತ್ತವೆ. ಅಮೆರಿಕದವರಿಗಾದರೋ ಅದೇ ಮಾತು ಚುನಾವಣೆಯನ್ನು ನೆನಪಿಗೆ ತರುವುದು. ಉಮೇದುವಾರನು ಊರೂರು ಸುತ್ತಿ, ಮತ ಯಾಚಿಸಿ ಮಾಡುವ ಭಾಷಣಕ್ಕೆ ಅಲ್ಲಿ 'ಸ್ಟಂಪ್ ಸ್ಪೀಚ್' ಎಂದೇ ಹೆಸರು.

ಪದದ ಮೂಲಾರ್ಥ ಕಡಿದ ಮರದ ಬೊಡ್ಡೆ. ಕಾಡು ಸವರಿ ಆಗತಾನೆ ಹೊಲ ಮಾಡಿಕೊಂಡಿದ್ದ ಹಳ್ಳಿಗಳಲ್ಲಿ ಸಭಾಭವನವೆಲ್ಲಿಯದು, ವೇದಿಕೆಯೆಲ್ಲಿಯದು? ಬಯಲಿನಲ್ಲಿ ಜನ ನೆರೆದರೆ ಮಾತನಾಡುವವನು ಅಗಲವಾದ ಒಂದು ಬೊಡ್ಡೆಯನ್ನೇರಿ ನಿಲ್ಲುತ್ತಿದ್ದನು. ಕನ್ನಡನಾಡಿನ ಅರಳಿಕಟ್ಟೆಗೆ ಇದನ್ನು ದೂರದ ನೆಂಟನೆನ್ನಬಹುದು. ಆದರೆ ಕಟ್ಟೆಗೆ ಮರದ ನೆರಳುಂಟು. ಬೊಡ್ಡೆಗೆ ಆ ಭಾಗ್ಯವಿಲ್ಲ. ಗುಂಪಿಗಿಂತ ಒಂದು ಮೊಳ ಎತ್ತರದಲ್ಲಿ ನಿಂತವನು ಪ್ರಶ್ನೆಯಿಂದಾಗಲಿ ಕುಚೋದ್ಯದಿಂದಾಗಲಿ ತಪ್ಪಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಪಂಡಿತರ ನಡುವೆ ಈ ಪದಕ್ಕೆ ಅಷ್ಟಾಗಿ ಮರ್ಯಾದೆ ದೊರೆಯಲಿಲ್ಲ. ಬ್ರಿಟನ್ನಿನ ಲೇಖಕ ಥಾಮಸ್ ಕಾರ್ಲೈಲ್ ಬರಿಯ ಮಾತಿನ ಮಲ್ಲರನ್ನು ಹಳಿದು 1850ರಲ್ಲಿ ಬರೆದ ಪ್ರಬಂಧಕ್ಕೆ 'ಸ್ಟಂಪ್ ಆರೇಟರ್' ಎಂದು ಹೆಸರಿಟ್ಟರು. ಅಮೆರಿಕದಲ್ಲಿಯೂ ಅಧ್ಯಕ್ಷ ಪದವಿಗೆ ನಿಂತವನು ತನಗಾಗಿ ತಾನೇ ಮತ ಕೇಳುವುದು ಆ ಪದವಿಯ ಘನತೆಗೆ ಕುಂದೆಂಬ ಭಾವನೆ ಬಲವಾಗಿದ್ದಿತು.

ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್ 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಇಲಿನಾಯ್ ಸಂಸ್ಥಾನದ ಏಳು ಊರುಗಳಲ್ಲಿ, ಒಂದೊಂದರಲ್ಲಿಯೂ ಮೂರು ಗಂಟೆಗಳ ಕಾಲ, ಗುಲಾಮಗಿರಿಯ ಪ್ರಶ್ನೆಯನ್ನು ಕುರಿತು ವಾದಿಸಿದರು. ಎರಡೇ ವರ್ಷಗಳ ಮೇಲೆ ಇಬ್ಬರೂ ಅಧ್ಯಕ್ಷ ಪದವಿಗೆ ನಿಂತಾಗ ಲಿಂಕನ್ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಉಳಿದರು; ಪ್ರಚಾರ ಭಾಷಣಕ್ಕೆ ಹೊರಡಲೇ ಇಲ್ಲ. ಡಗ್ಲಾಸರಿಗೆ ಸುಮ್ಮನಿರಲಾಗಲಿಲ್ಲ. ತಾಯಿಯನ್ನು ಕಂಡುಬರುವ ನೆವದಿಂದ ಹೊರಟು, ದಾರಿಯುದ್ದಕ್ಕೂ ಭಾಷಣ ಮಾಡುತ್ತ ಹೋದರು. ತಾಯಿಯನ್ನು ಹುಡುಕುತ್ತ ದಾರಿ ತಪ್ಪಿದ ಹುಡುಗನೆಂದು ಎದುರಾಳಿಗಳು ಲೇವಡಿ ಮಾಡಿದರು. ಗೆದ್ದವರು ಮನೆಯಲ್ಲಿದ್ದ ಲಿಂಕನ್!

1896ರಲ್ಲಿಯೂ ಹೀಗೆಯೇ ಆಯಿತು. ವಿಲಿಯಂ ಜೆನಿಂಗ್ಸ್ ಬ್ರಯನ್ ರೈಲಿನಲ್ಲಿ ಸುಮಾರು 18,000 ಮೈಲಿ ಅಲೆದು ಸುಮಾರು 600 ಭಾಷಣಗಳನ್ನು ಮಾಡಿದರು. ಪ್ರತಿಸ್ಪರ್ಧಿ ವಿಲಿಯಂ ಮೆಕಿನ್ಲಿ ಓಹಾಯೋದ ಕ್ಯಾಂಟನ್ ಊರಿನ ತಮ್ಮ ಮನೆಯ ಜಗಲಿಯನ್ನು ಬಿಡಲಿಲ್ಲ. ಕೇಳುವವರೇ ತಂಡತಂಡವಾಗಿ ಅಲ್ಲಿಗೆ ಬಂದರು, ಜಯವೂ ಅಲ್ಲಿಗೇ ಬಂದಿತು. ಅಲೆದವರಿಗೂ ಒಂದು ದಿನ ಬಂದಿತೆನ್ನಬೇಕು. 1948ರಲ್ಲಿ ಹ್ಯಾರಿ ಟ್ರೂಮನ್ನರಿಗೆ ಸೋಲು ಖಂಡಿತವೆಂದು ಪತ್ರಿಕೆಗಳು ತೀರ್ಮಾನಿಸಿದ್ದವು. ಅವರು ರೈಲಿನ ಹಿಂಬದಿಯ ಕಟಕಟೆಯನ್ನೇ ಬೊಡ್ಡೆಯಾಗಿ ಮಾಡಿಕೊಂಡು, ಸಣ್ಣಪುಟ್ಟ ನಿಲ್ದಾಣಗಳಲ್ಲಿಯೂ ಮಾತನಾಡುತ್ತ ದೇಶ ಸುತ್ತಿ ಗೆದ್ದುಬಂದರು.

ವಿಪರ್ಯಾಸವೆಂದರೆ, ಎದುರಿಗೆ ನಿಂತ ಜನರಿಗೆ ಮುಖ ಕೊಟ್ಟು ಆಡಿದ ಮಾತಿನಿಂದ ಹುಟ್ಟಿದ ಈ ಪದಕ್ಕೆ ಇಂದು ಅಂಟಿರುವ ಅರ್ಥವೇ ಬೇರೆ. ಮೊದಲೇ ಸಿದ್ಧಪಡಿಸಿ, ಹೋದಲ್ಲೆಲ್ಲ ಒಪ್ಪಿಸುವ ಒಂದೇ ಪಾಠವೂ ಈಗ 'ಸ್ಟಂಪ್ ಸ್ಪೀಚ್'. ಕನ್ನಡದಲ್ಲಿ 'ಭಾಷಣ ಬಿಗಿಯುವುದು' ಎಂಬಲ್ಲಿರುವ ಕೊಂಕು ಇದಕ್ಕೂ ಸಲ್ಲುತ್ತದೆ. ಹಲವೊಮ್ಮೆ ಬದಲಾಗುವುದು ಊರಿನ ಹೆಸರಷ್ಟೆ. ಜೊತೆಯಲ್ಲಿ ಸಂಚರಿಸುವ ಪತ್ರಕರ್ತರು ಚಪ್ಪಾಳೆ ಎಲ್ಲಿ ಬೀಳುವುದೆಂಬುದನ್ನೂ ಬಲ್ಲರು. ಅವರ ಕಿವಿ ನಿಮಿರುವುದು ನಡುವೆ ಹೊಸದೊಂದು ವಾಕ್ಯ ನುಸುಳಿದಾಗ ಮಾತ್ರ.