ಮನೆಯೊಳಗೆ ಹುಟ್ಟಿದ ಬರಹ

ಚೆನ್ನೈ ಮಹಾನಗರದಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜಿಯರ ಕೈಬರಹದ ಪುಸ್ತಕಗಳು ಇಂದಿಗೂ ಉಳಿದಿರುವುದುಂಟು. ಹಸೆಹಾಡು, ಆರತಿ ಹಾಡು, ದಾಸರ ಪದ, ನಡುವೆ ಹಪ್ಪಳ ಸಂಡಿಗೆಯ ಅಳತೆ. ಇವುಗಳನ್ನು ನಾವು ಸಾಹಿತ್ಯವೆಂದು ಎಣಿಸುವುದು ವಿರಳ. ಆದರೆ ಕನ್ನಡ ಮಹಿಳೆಯರ ಬರಹದ ಬಹುಭಾಗ ಹುಟ್ಟಿದ್ದೂ ಉಳಿದದ್ದೂ ಕುಟುಂಬದ ಆವರಣದಲ್ಲಿಯೇ.

ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಗೃಹಿಣಿಯ ಕರ್ತವ್ಯಗಳನ್ನು ಹೇಳುವ ಈ ಕೃತಿಯಲ್ಲಿಯೇ, ಹೆಣ್ಣುಮಗುವನ್ನು ಹೀನವಾಗಿ ಕಾಣುವವರನ್ನು ಆಕೆ ಪ್ರಶ್ನಿಸುತ್ತಾಳೆ. ಅದೇ ಕಾಲದಿಂದ ಮುಂದೆ, ಚೀನಾದ ಚಿಂಗ್ ರಾಜಮನೆತನದ ಆಳ್ವಿಕೆಯಲ್ಲಿ ವಿದ್ಯಾವಂತ ಮನೆಗಳ ಸ್ತ್ರೀಯರು ಕವಿತೆ ಬರೆದು, ಮನೆಯವರ ನೆರವಿನಿಂದ ಅಚ್ಚು ಹಾಕಿಸುತ್ತಿದ್ದರು. ಯುನ್ ಝು ಎಂಬಾಕೆ 1831ರಲ್ಲಿ ಅಂತಹ ಕವಯಿತ್ರಿಯರ ಬೃಹತ್ ಸಂಕಲನವನ್ನೇ ಹೊರತಂದರು. ಎರಡೂ ಕಡೆ ಮನೆಯ ಮರ್ಯಾದೆಯೇ ಬರಹಕ್ಕೆ ಆಸರೆಯೂ ಆಗಿತ್ತು, ಎಲ್ಲೆಯೂ ಆಗಿತ್ತು.

ಈ ಮಾತಿಗೆ ನಂಜನಗೂಡು ತಿರುಮಲಾಂಬಾ (1887–1982) ಅವರ ಬದುಕು ಉತ್ತಮ ನಿದರ್ಶನ. ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ಅಂತಹ ಮಗಳ ಕೈಗೆ ವಕೀಲರಾಗಿದ್ದ ತಂದೆ ಪುಸ್ತಕವನ್ನಿತ್ತರು. 1913ರಲ್ಲಿ ಆಕೆ 'ಸತೀಹಿತೈಷಿಣಿ' ಗ್ರಂಥಮಾಲೆಯನ್ನು ಆರಂಭಿಸಿ 'ಸುಶೀಲೆ' ಕಾದಂಬರಿಯನ್ನು ಪ್ರಕಟಿಸಿದರು. 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ತಂದರು. ಮಾಲೆಯ ಹೆಸರೇ ಸೂಚಿಸುವಂತೆ ಆದರ್ಶ ಗೃಹಿಣಿಯ ಚೌಕಟ್ಟನ್ನು ಅವರು ಮೀರಲಿಲ್ಲ. ಆದರೆ ಬರೆಯುವ, ಪ್ರಕಟಿಸುವ, ಮಾರುವ ಹೊಣೆಯನ್ನೆಲ್ಲ ತಾವೇ ಹೊತ್ತರು. ಅದೇ 1917ರಲ್ಲಿ ನಮ್ಮೂರಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾಯಿತೆಂಬುದು ಸ್ಮರಣೀಯ. 1921ರಲ್ಲಿ ಬೆಂಗಳೂರಿನ ಕಲ್ಯಾಣಮ್ಮನವರು ಆರಂಭಿಸಿದ 'ಸರಸ್ವತಿ' ಮಾಸಪತ್ರಿಕೆ ನಾಲ್ಕು ದಶಕಗಳ ಕಾಲ ನಡೆಯಿತು. ಅವರೂ ಬಾಲವಿಧವೆಯೇ.

ತಿರುಮಲಾಂಬಾ ಅವರು ತೊಂಬತ್ತೈದು ವರ್ಷ ಬಾಳಿದರೂ ಬದುಕಿನ ಉತ್ತರಾರ್ಧದಲ್ಲಿ ಬರೆಯಲಿಲ್ಲ. ಓದುಗರೂ ಅವರನ್ನು ಬಹುಮಟ್ಟಿಗೆ ಮರೆತರು. ಅಚ್ಚಾದ ಪುಸ್ತಕಗಳ ಗತಿಯೇ ಹೀಗಾದರೆ, ಅಚ್ಚು ಕಾಣದ ನಮ್ಮ ಅಜ್ಜಿಯರ ಬರಹದ ಗತಿಯೇನು? ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿತು ಮನೆಯಲ್ಲಿ ಕನ್ನಡ ಮಾತ್ರ ಆಡುವ ನಮ್ಮ ಮೊಮ್ಮಕ್ಕಳಲ್ಲಿ ಅನೇಕರಿಗೆ ಆ ಅಕ್ಷರ ಓದಲು ಬಾರದು. ಹಾಡು ಬಲ್ಲವರು ಇಲ್ಲವಾದ ಮೇಲೆ ಆ ಪುಸ್ತಕ ರದ್ದಿಯ ಪಾಲಾಗುವುದು ಸಹಜ.

ಆದ್ದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ಒಂದು ವಿನಂತಿ. ಮನೆಯಲ್ಲಿರುವ ಇಂತಹ ಪುಸ್ತಕವನ್ನು ಈ ವಾರವೇ ಹೊರತೆಗೆಯಿರಿ. ಮೊದಲ ಹಾಳೆಯಲ್ಲಿ ಬರೆದವರ ಹೆಸರು, ತವರೂರು, ತಿಳಿದಿದ್ದರೆ ವರ್ಷವನ್ನು ಗುರುತು ಮಾಡಿ. ಪುಟಗಳ ಚಿತ್ರ ತೆಗೆದಿಡಿ. ಹಿರಿಯರಿಂದ ಹಾಡಿಸಿ ಧ್ವನಿಮುದ್ರಿಸಿ. ಎಲ್ಲಕ್ಕಿಂತ ಮಿಗಿಲಾಗಿ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟವನ್ನಾದರೂ ಓದಿಸಿ. ಅಜ್ಜಿಯ ಹಸ್ತಾಕ್ಷರಕ್ಕಿಂತ ಒಳ್ಳೆಯ ಕನ್ನಡ ಪಾಠ ಅವರಿಗೆ ಬೇರೆಲ್ಲಿ ದೊರೆತೀತು?