ಊಟಿ ದಾಟಿ ಹೋದ ಆಡುಸೋಗೆ

ಆಡುಸೋಗೆ ಎಲೆಯನ್ನು ಹಸಿಯಾಗಿ ಜಜ್ಜಿ ಹಿಂಡಿದರೆ ರಸ ಸುಲಭಕ್ಕೆ ಇಳಿಯುವುದಿಲ್ಲ. ಅಂಗೈಗೆ ಹಸಿರು ಮೆತ್ತಿಕೊಳ್ಳುತ್ತದೆ, ಅಷ್ಟೇ. ಬಲ್ಲವರು ಮೊದಲು ಎಲೆಯನ್ನು ಕೆಂಡದ ಮೇಲೆ ಬಾಡಿಸುತ್ತಾರೆ, ಇಲ್ಲವೇ ಇಡ್ಲಿ ಪಾತ್ರೆಯ ಹಬೆಯಲ್ಲಿ ಇಡುತ್ತಾರೆ. ಎಲೆ ಮೆತ್ತಗಾಗಿ ಬಣ್ಣ ಕಂದಿದ ಮೇಲೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಕಡು ಕಹಿಯ ರಸ ತೊಟ್ಟಿಕ್ಕುತ್ತದೆ. ಜೇನು ಬೆರೆಸಿ ನೆಕ್ಕಿದರೆ ಕಟ್ಟಿದ ಕಫ ಸಡಿಲವಾಗುತ್ತದೆ ಎಂಬುದು ಎಷ್ಟೋ ತಲೆಮಾರುಗಳ ಅನುಭವ. ಎಲೆಯ ಮುದ್ದೆಗೆ ಮಣ್ಣು ಮೆತ್ತಿ, ಕೆಂಡದಲ್ಲಿ ಹುಗಿದು ರಸ ತೆಗೆಯುವ ಪುಟಪಾಕದ ಕ್ರಮ ಶಾರ್ಙ್ಗಧರ ಸಂಹಿತೆಯಲ್ಲೇ ಇದೆ. ದನಕರು ಬಾಯಿ ಹಾಕದ ಈ ಬೇಲಿಗಿಡದಿಂದ ಔಷಧ ಹೊರಡಿಸಲು ಬೆಂಕಿ ಬೇಕು ಎಂದು ಮೊದಲು ಕಂಡುಕೊಂಡವರು ಯಾರೋ, ಅವರ ಜಾಣ್ಮೆಗೆ ತಲೆಬಾಗಬೇಕು.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಘಟ್ಟ ಹತ್ತಿದರೆ ಊಟಿ. 1880ರ ದಶಕದಲ್ಲಿ ಅಲ್ಲಿ ಡೇವಿಡ್ ಹೂಪರ್ ಎಂಬ ರಸಾಯನಶಾಸ್ತ್ರಜ್ಞ ಮದ್ರಾಸ್ ಸರ್ಕಾರದ ನೌಕರಿಯಲ್ಲಿದ್ದರು. ನೀಲಗಿರಿಯ ಸಿಂಕೋನಾ ತೊಗಟೆಯಲ್ಲಿ ಕ್ವಿನೈನ್ ಎಷ್ಟಿದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಆದರೆ ಅವರ ಕುತೂಹಲ ಸಿಂಕೋನಾಕ್ಕೆ ನಿಲ್ಲಲಿಲ್ಲ. 1888ರಲ್ಲಿ ಆಡುಸೋಗೆ ಎಲೆಯಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿದ ವರದಿ ಪ್ರಕಟಿಸಿದರು. ಗಿಡದ ಸಂಸ್ಕೃತದ ಹೆಸರು ವಾಸಾ. ಅದರಿಂದಲೇ ವ್ಯಾಸಿಸಿನ್ ಎಂದಾಯಿತು. ಅದರ ಅಣುರಚನೆ ಬಿಡಿಸಲು ಮತ್ತೆ ನಾಲ್ಕೈದು ದಶಕಗಳೇ ಹಿಡಿದವು.

ಮುಂದಿನ ತಿರುವು ಜರ್ಮನಿಯಲ್ಲಿ. ವ್ಯಾಸಿಸಿನ್ನಿನ ಅಣುವನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿಯ ಔಷಧ ರಸಾಯನಜ್ಞರು ಬ್ರೋಮ್‌ಹೆಕ್ಸಿನ್ ತಯಾರಿಸಿದರು. 1963ರಲ್ಲಿ ಅದು ಮಾರುಕಟ್ಟೆಗೆ ಬಂತು. ದೇಹದೊಳಗೆ ಬ್ರೋಮ್‌ಹೆಕ್ಸಿನ್ ಒಡೆದು ಆಗುವ ವಸ್ತುಗಳಲ್ಲೊಂದು ಆಂಬ್ರಾಕ್ಸಾಲ್. ಅದೂ 1970ರ ದಶಕದ ಕೊನೆಯ ಹೊತ್ತಿಗೆ ಸ್ವತಂತ್ರ ಔಷಧವಾಯಿತು. ಮೆಡಿಕಲ್ ಶಾಪಿನಲ್ಲಿ ಕಫದ ಕೆಮ್ಮಿಗೆಂದು ಕೊಡುವ ಸಿರಪ್ ಬಾಟಲಿಯನ್ನು ತಿರುಗಿಸಿ ನೋಡಿ, ಈ ಎರಡು ಹೆಸರುಗಳಲ್ಲಿ ಒಂದು ಸಿಗುವ ಸಂಭವ ಹೆಚ್ಚು. ಅದರಲ್ಲಿ ಎಲೆಯ ಅಂಶ ಏನೂ ಇಲ್ಲ, ಪೂರ್ತಿ ಕಾರ್ಖಾನೆಯ ತಯಾರಿ. ಆದರೂ ವಂಶ ಆಡುಸೋಗೆಯದೇ, ಮಾಡುವ ಕೆಲಸವೂ ಅಜ್ಜಿಯರು ಹೇಳಿದ್ದೇ: ಅಂಟುಗಫವನ್ನು ತೆಳುವಾಗಿಸಿ ಹೊರಬರುವಂತೆ ಮಾಡುವುದು. ಆ ಬಾಟಲಿಯ ಮೇಲೆ ಗಿಡದ ಹೆಸರಿಗೆ ಒಂದು ಸಾಲಿನ ಜಾಗವೂ ಇಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಈಚಿನ ವರ್ಷಗಳಲ್ಲಿ ಸಂಶೋಧಕರು ಮತ್ತೆ ಇಡೀ ಎಲೆಯ ಕಡೆ ತಿರುಗಿದ್ದಾರೆ. ದೆಹಲಿಯ ಐಜಿಐಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ತಂಡ ಆಡುಸೋಗೆಯ ಸಾರವನ್ನು ಇಲಿಗಳಿಗೆ ಕುಡಿಸಿ ನೋಡಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅವುಗಳ ಶ್ವಾಸಕೋಶದ ಉರಿಯೂತ ತಗ್ಗಿತ್ತು. ಆಮ್ಲಜನಕ ಕಡಿಮೆಯಾದಾಗ ಜೀವಕೋಶಗಳಲ್ಲಿ ಏರುವ ಎಚ್‌ಐಎಫ್-1 ಎಂಬ ಪ್ರೋಟೀನಿನ ಮಟ್ಟವೂ ಇಳಿದಿತ್ತು. ಕೊರೊನಾ ಕಾಲದಲ್ಲಿ ಗಿಡಮೂಲಿಕೆಯ ಪೊಟ್ಟಣಗಳೆಲ್ಲ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಸಾರಿಕೊಂಡು ಮಾರಾಟವಾದವಲ್ಲ, ಇಲ್ಲಿ ಕಂಡದ್ದು ಬಹುಮಟ್ಟಿಗೆ ಅದಕ್ಕೆ ಉಲ್ಟಾ. ಮಿತಿಮೀರಿ ಕೆರಳಿದ ರಕ್ಷಣಾ ವ್ಯವಸ್ಥೆಯನ್ನು ಎಲೆಯ ಸಾರ ಶಮನ ಮಾಡಿತ್ತು. ಉಬ್ಬಸದವರಿಗೆ ಬೇಕಾದ್ದೂ ಅದೇ. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲೂ ಹಾಗೇ ಆಗುತ್ತದೆಂದು ಈಗಲೇ ಹೇಳಲಾಗದು, ಆದರೆ ಹುಡುಕಬೇಕಾದ ದಿಕ್ಕು ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬಸುರಿಯರು ಮಾತ್ರ ಆಡುಸೋಗೆ ಕಷಾಯದಿಂದ ದೂರವೇ ಇರಬೇಕು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕೋಚಿಸುವಂತೆ ಮಾಡುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ದಶಕಗಳ ಹಿಂದೆಯೇ ತೋರಿಸಿದ್ದಾರೆ. ‘ಹಿತ್ತಲ ಗಿಡ ತಾನೆ, ಏನೂ ಆಗಲ್ಲ’ ಎಂದು ಕುಡಿಸುವ ಮೊದಲು ಮನೆಯವರು ಇದನ್ನು ತಿಳಿದಿರಬೇಕು, ವೈದ್ಯರನ್ನು ಕೇಳಿರಬೇಕು.