ಪ್ರಾಸ್ಟೇಟ್ ಸಾರ್ಕೋಮಾ

ಪ್ರಾಸ್ಟೇಟ್ ಸಾರ್ಕೋಮಾ ಎಂಬುದು ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸ್ನಾಯು ಮೊದಲಾದ ಪೋಷಕ ಅಂಗಾಂಶಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಈ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇಕಡಾ 1ಕ್ಕಿಂತ ಕಡಿಮೆ. ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರ್ ಬಹುಮಟ್ಟಿಗೆ 50 ವರ್ಷ ದಾಟಿದವರ ಕಾಯಿಲೆ. ಇದಾದರೋ ಮಕ್ಕಳಲ್ಲಿಯೂ ಯುವಕರಲ್ಲಿಯೂ ಕಾಣಿಸಿಕೊಳ್ಳಬಹುದು.

ರೋಗನಿರ್ಣಯ

ಮೂತ್ರ ಕಟ್ಟುವುದು, ಮಲವಿಸರ್ಜನೆಗೆ ತೊಡಕಾಗುವುದು, ಕೆಳಹೊಟ್ಟೆಯ ನೋವು ಇದರ ಮುಖ್ಯ ಲಕ್ಷಣಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಗಳಲ್ಲಿ ಮೂತ್ರದ ತೊಂದರೆಯನ್ನು ‘ಉಷ್ಣ’ ಅಥವಾ ‘ಕಲ್ಲು’ ಎಂದು ಬಗೆದು ಎಳನೀರು, ಬಾಳೆದಿಂಡಿನ ರಸ ಕುಡಿಯುವ ವಾಡಿಕೆಯುಂಟು. ಯುವಕರಲ್ಲಿ ಕಾರಣ ಬಹುತೇಕ ಸೋಂಕೋ ಕಲ್ಲೋ ಆಗಿರುತ್ತದೆ, ನಿಜ. ಆದರೆ ಔಷಧಕ್ಕೆ ಬಗ್ಗದೆ ವಾರಗಟ್ಟಲೆ ಉಳಿದ ತೊಂದರೆಯನ್ನು ಹಾಗೆಂದು ಬಿಡಲಾಗದು.

ಇಲ್ಲಿ ದಾರಿ ತಪ್ಪಿಸುವುದು ಪಿ.ಎಸ್.ಎ. ಎಂಬ ರಕ್ತಪರೀಕ್ಷೆ. ಆ ಪ್ರೋಟೀನನ್ನು ಸ್ರವಿಸುವುದು ಗ್ರಂಥಿಯ ಒಳಪದರದ ಕೋಶಗಳು. ಸಾರ್ಕೋಮಾ ಹುಟ್ಟುವುದು ಬೇರೆ ಕೋಶಗಳಿಂದ. ಆದ್ದರಿಂದ ಗಡ್ಡೆ ದೊಡ್ಡದಾಗಿದ್ದರೂ ವರದಿ ಸಹಜವಾಗಿಯೇ ಬರಬಹುದು. ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆ ಸರಳವಾದದ್ದು. ಸಂಕೋಚದಿಂದ ಅದನ್ನು ಬೇಡವೆನ್ನುವವರು ಅನೇಕರು. ಎಂ.ಆರ್.ಐ. ಚಿತ್ರದಿಂದ ಗಡ್ಡೆಯ ಹರವು ತಿಳಿಯುತ್ತದೆ. ನಿಶ್ಚಯಕ್ಕೆ ಮಾತ್ರ ಬಯಾಪ್ಸಿಯೇ ಬೇಕು. ತೆಗೆದ ತುಣುಕಿನಲ್ಲಿ ಡೆಸ್ಮಿನ್, ಮಯೋಜೆನಿನ್ ಎಂಬ ಪ್ರೋಟೀನುಗಳು ಕಂಡುಬಂದರೆ, ಎಳೆಯರಲ್ಲಿ ಹೆಚ್ಚಾಗಿ ಬರುವ ರಾಬ್ಡೋಮಯೋಸಾರ್ಕೋಮಾ ಎಂಬ ಬಗೆಯೆಂದು ಪೆಥಾಲಜಿ ತಜ್ಞರು ಗುರುತಿಸುತ್ತಾರೆ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ಲಿಯೋಮಯೋಸಾರ್ಕೋಮಾ. ಎರಡರ ಚಿಕಿತ್ಸಾಕ್ರಮವೂ ಬೇರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಂಶಯ ಬಂದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗೋ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬಹುದು.